ಪಾಸಾದನೋ, ಪಾಸ್ ಮಾಡಿದರೋ?

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಬಿಸಿಲಿನ ಮಾತು ಬಿಟ್ಟರೆ ಉಳಿಯುವುದು ಒಂದೇ ಮಾತು. ‘ನಿಮ್ಮ ಹುಡುಗಂದು ಏನಾತ್ರೀ? ಪಾಸೋ, ಫೇಲೋ?’ ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಪಂಗತಿಯಲ್ಲಿ ಇದೇ ವಿಚಾರಣೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಶೇ 50.59 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಮರುವರ್ಷ ದ್ವಿತೀಯ ಪಿಯುಸಿಯಲ್ಲಿ ಶೇ 48.45, ಆಗಲೂ ಕೊನೆಯ ಜಾಗ ನಮ್ಮದೇ. ಹೆಚ್ಚುಕಡಿಮೆ ಅರ್ಧ ಮಕ್ಕಳು ಆಚೆ, ಅರ್ಧ ಮಕ್ಕಳು ಈಚೆ ಉಳಿಯುವ ಜಿಲ್ಲೆಯಲ್ಲಿ ಅಕ್ಷರ ಬಾರದ ಅಜ್ಜಿಯ ಬಾಯಲ್ಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಕ್ರಿಯಾಪದ ಯಾವುದೆಂದರೆ ಈ ‘ಪಾಸ್’.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲೂ ಅದರದೇ ಕಾರುಬಾರು. ‘ಐ ಆ್ಯಮ್ ಪಾಸ್ಡ್ ಅಂತ ಬರದ್ರ ಯಾಕ ತಪ್ಪು ಸರ?’ ಎಂದು ಹತ್ತಿಕುಣಿ ಕಡೆಯ ಹುಡುಗನೊಬ್ಬ ಕೇಳಿದ್ದಾನೆ. ‘ಬಯೋಡೇಟಾದಾಗ ಪಾಸ್ಡ್ ಔಟ್ ಅಂತ ಬರದಿದ್ದೆ, ಬೆಂಗಳೂರಿನ ಕಂಪನಿಯವರು ನಕ್ಕರು’ ಎಂದು ಶಹಾಪುರದಿಂದ ಒಬ್ಬಳು ಬರೆದಿದ್ದಾಳೆ. ಪಾಸ್ಡ್ ಮತ್ತು ಪಾಸ್ಟ್ ಎರಡೂ ಒಂದೇ ಥರ ಕೇಳುತ್ತವೆ, ಯಾವಾಗ ಯಾವುದು ಎಂಬ ಗೋಳು ಬೇರೆ. ಎಲ್ಲಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಬೇರಿನಿಂದಲೇ ಹಿಡಿದರೆ ಬಳ್ಳಿ ಪೂರ್ತಿ ಕೈಗೆ ಬರುತ್ತದೆ ಅನ್ನಿಸಿತು. ನನ್ನ ವಾದ ಇಷ್ಟು: ನಾವು ‘ಪಾಸ್’ ಅನ್ನು ಪರೀಕ್ಷೆಯ ಮಾತು ಎಂದು ಕಲಿತೆವು. ಅದು ಕಾಲಿನ ಮಾತು.

ಲ್ಯಾಟಿನ್ನಿನಲ್ಲಿ ‘ಪಾಸ್ಸುಸ್’ ಎಂದರೆ ಹೆಜ್ಜೆ. ಕಾಲು ಚಾಚುವುದು, ಅಗಲಿಸುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ. ರೋಮನ್ನರು ದಾರಿ ಅಳೆಯುತ್ತಿದ್ದದ್ದೂ ಇದರಿಂದಲೇ. ಬಲಗಾಲು ಎತ್ತಿದ ಜಾಗದಿಂದ ಅದೇ ಬಲಗಾಲು ಮತ್ತೆ ನೆಲಕ್ಕೆ ಊರುವವರೆಗಿನ ಜೋಡಿಹೆಜ್ಜೆ ಒಂದು ಪಾಸ್ಸುಸ್, ಅಂದರೆ ಅವರ ಲೆಕ್ಕದಲ್ಲಿ 5 ಅಡಿ. ಅಂಥ 1000 ಜೋಡಿಹೆಜ್ಜೆಗೆ ‘ಮಿಲ್ಲೆ ಪಾಸ್ಸುಸ್’ ಎಂದರು. ಮಿಲ್ಲೆ ಎಂದರೆ ಸಾವಿರ. ಕಾಲಾಂತರದಲ್ಲಿ ಹೆಜ್ಜೆ ಉದುರಿ ಸಾವಿರ ಮಾತ್ರ ಉಳಿಯಿತು. ಅದೇ ಇಂದಿನ ಮೈಲು. ನಮ್ಮ ಹಿರಿಯರು ಹರದಾರಿ ಲೆಕ್ಕದಲ್ಲಿ ನಡೆದು ಹೋಗುತ್ತಿದ್ದ ದಾರಿಗಳ ಬದಿಯಲ್ಲಿ ಆಮೇಲೆ ಮೈಲುಗಲ್ಲು ಬಂದವಲ್ಲ, ಅವುಗಳ ಹೆಸರಿನ ಹಿಂದೆಯೂ ರೋಮಿನ ಸಿಪಾಯಿಯ ಕಾಲಿದೆ.

ಹೆಜ್ಜೆಯಿಂದ ‘ಹೆಜ್ಜೆ ಹಾಕಿ ಮುಂದೆ ಹೋಗು’ ಎಂಬ ಕ್ರಿಯಾಪದ ಆಡುಮಾತಿನ ಲ್ಯಾಟಿನ್ನಿನಲ್ಲಿ ಹುಟ್ಟಿತು, ಫ್ರೆಂಚಿನಲ್ಲಿ ‘ಪಾಸ್ಸೆ’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ಮಾತುಗಳು ಇಂಗ್ಲಿಷಿಗೆ ಸುರಿದವು, ಅವುಗಳ ಜೊತೆಯಲ್ಲಿ ಇದೂ ಬಂತು. 13ನೇ ಶತಮಾನದ ಬರಹಗಳಲ್ಲಿ ಸಿಗುತ್ತದೆ. ಆಗ ಅದಕ್ಕೆ ಇದ್ದ ಅರ್ಥ ನೇರವಾದದ್ದು: ಒಂದು ಜಾಗವನ್ನು ಹಾದು ಮುಂದೆ ಹೋಗುವುದು. ಮಾರ್ಕ್ಸ್ ಕಾರ್ಡಿನ ಅರ್ಥ ತಡವಾಗಿ ಸೇರಿಕೊಂಡದ್ದು, ಅದೂ ಇದೇ ನಡಿಗೆಯ ವಿಸ್ತಾರ. ಪರೀಕ್ಷೆ ಎಂಬುದೊಂದು ದಿಡ್ಡಿ ಬಾಗಿಲು, ಅದನ್ನು ಹಾದವ ಪಾಸ್.

ಇದರ ಬಳಗ ದೊಡ್ಡದು. ಪೇಸ್ ಬೌಲರ್‌ನ ಪೇಸ್ ಇದರ ಸ್ವಂತ ತಮ್ಮ, ಅದಕ್ಕೂ ಮೂಲದಲ್ಲಿ ಹೆಜ್ಜೆ ಎಂದೇ ಅರ್ಥ. ಹಾದುಹೋಗುವ ಜಾಗ ಪ್ಯಾಸೇಜ್. ಎಲ್ಲೆ ಮೀರಿ ಇನ್ನೊಬ್ಬರ ಹೊಲಕ್ಕೆ ಕಾಲಿಟ್ಟರೆ ಟ್ರೆಸ್‌ಪಾಸ್, ಹೆಜ್ಜೆ ಗಡಿಯಾಚೆ ಬಿದ್ದಿದೆ ಎಂದು. ಬಂದರು ಅಥವಾ ಊರಬಾಗಿಲನ್ನು ಹಾಯಲು ಕೊಡುವ ಚೀಟಿ ಪಾಸ್‌ಪೋರ್ಟ್. ಬೆಟ್ಟಗಳ ನಡುವೆ ಹಾಯಲು ಸಿಗುವ ಸಂದು ಕೂಡ ಪಾಸ್. ಖೈಬರ್ ಪಾಸ್, ಬೋಲನ್ ಪಾಸ್ ಎಂದು ಇತಿಹಾಸದ ಪಾಠದಲ್ಲಿ ಓದುವಾಗ, ಖೈಬರ್ ಪಾಸಾದರೆ ಫೇಲಾದದ್ದು ಯಾವುದು ಎಂದು ಕೇಳದ ತರಗತಿ ನಮ್ಮಲ್ಲಿ ಕಡಿಮೆ. ಹೋಗುವವನು ಪ್ಯಾಸೆಂಜರ್. ಆದರೆ ನಮ್ಮ ಕಡೆ ಪ್ಯಾಸೆಂಜರ್ ಎಂದರೆ ಮನುಷ್ಯ ಅಲ್ಲ, ಗಾಡಿ. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ ಮೇಲೆ ಯಾದಗಿರಿಯ ಮುಂದೆ ರೈಲು ಓಡತೊಡಗಿತು. ಆವತ್ತಿನಿಂದ ‘ಪ್ಯಾಸೆಂಜರ್ ಬಂತೇನು?’ ಎಂದು ಕೇಳಿದರೆ ಎಲ್ಲ ಸ್ಟೇಶನ್ನಿನಲ್ಲಿ ನಿಂತುಕೊಂಡು ಬರುವ ರೈಲು ಎಂದೇ ತಿಳಿಯಬೇಕು. ಪದವೂ ಪ್ರಯಾಣ ಹೊರಟರೆ ಇಳಿಯುವ ನಿಲ್ದಾಣ ಬದಲಾಗುತ್ತದೆ.

ಈಗ ಹತ್ತಿಕುಣಿಯ ಹುಡುಗನ ಪ್ರಶ್ನೆ. ‘ಐ ಆ್ಯಮ್ ಪಾಸ್ಡ್’ ಎಂದು ಅವನು ಬರೆದದ್ದರಲ್ಲಿ ಅವನ ದಡ್ಡತನ ಏನೂ ಇಲ್ಲ, ಕನ್ನಡದ ಜಾಣತನ ಇದೆ. ಕನ್ನಡ ಹೊರಗಿನ ಕ್ರಿಯಾಪದವನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಸ್ಕೃತದ್ದಾದರೆ ‘ಇಸು’ ಹಚ್ಚಿ ಚಿಂತಿಸು, ಭಾವಿಸು ಎಂದು ತನ್ನದು ಮಾಡಿಕೊಳ್ಳುತ್ತದೆ. ಇಂಗ್ಲಿಷಿನದಕ್ಕೆ ಆ ಸಲುಗೆ ಸಿಕ್ಕಿಲ್ಲ. ‘ಪಾಸಿಸಿದ’ ಎಂದು ಯಾರೂ ಅನ್ನುವುದಿಲ್ಲ. ಇಂಗ್ಲಿಷ್ ಪದವನ್ನು ಹೆಸರಿನ ಹಾಗೆ ಕೂರಿಸಿ, ಪಕ್ಕದಲ್ಲಿ ‘ಆಗು’ ಅಥವಾ ‘ಮಾಡು’ ಎಂಬ ಕಾವಲುಗಾರನನ್ನು ನಿಲ್ಲಿಸುತ್ತೇವೆ. ಪಾಸಾದ. ಪಾಸ್ ಮಾಡಿದರು. ಇಂಗ್ಲಿಷಿನಲ್ಲಿ ಕ್ರಿಯೆ ಪೂರ್ತಿ ‘ಪಾಸ್’ನಲ್ಲೇ ಇರುತ್ತದೆ. ಹುಡುಗ ಕರ್ತೃ, ಪರೀಕ್ಷೆ ಕರ್ಮ: ‘ಐ ಪಾಸ್ಡ್ ದಿ ಎಗ್ಸಾಮ್’, ನಾನು ಪರೀಕ್ಷೆಯನ್ನು ದಾಟಿದೆ. ಕನ್ನಡದಲ್ಲಿ ಹುಡುಗ ಪರೀಕ್ಷೆಯೊಳಗೆ ಏನೋ ಒಂದು ‘ಆಗುತ್ತಾನೆ’. ಆ ‘ಆಗು’ವನ್ನು ಇಂಗ್ಲಿಷಿಗೆ ಹೊತ್ತೊಯ್ದರೆ ‘ಆ್ಯಮ್’ ಬರುತ್ತದೆ, ‘ಪರೀಕ್ಷೆಯಲ್ಲಿ’ ಎಂಬ ಸಪ್ತಮಿಯನ್ನು ಹೊತ್ತೊಯ್ದರೆ ‘ಪಾಸ್ಡ್ ಇನ್ ದಿ ಎಗ್ಸಾಮ್’ ಬರುತ್ತದೆ. ಎರಡನ್ನೂ ಇಲ್ಲೇ ಬಿಟ್ಟು ಹೋಗಬೇಕು. ಇನ್ನು ‘ಐ ವಾಸ್ ಪಾಸ್ಡ್’ ಎಂದು ಬರೆದರೆ ವ್ಯಾಕರಣ ಸರಿ, ಆದರೆ ಮಾನ ಹೋಗುತ್ತದೆ. ಮೌಲ್ಯಮಾಪಕರು ನನ್ನನ್ನು ಪಾಸ್ ಮಾಡಿದರು ಎಂದು ನೀವೇ ಒಪ್ಪಿಕೊಂಡ ಹಾಗೆ.

ಆಗು, ಮಾಡುಗಳ ಈ ಭೇದವನ್ನು ನಮ್ಮ ಜನ ಎಷ್ಟು ಹರಿತವಾಗಿ ಬಳಸುತ್ತಾರೆ ಎಂಬುದು ಕೊರೊನಾ ಕಾಲದಲ್ಲಿ ಕಂಡಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿ ಹಿಂದಿನ ಅಂಕಗಳ ಮೇಲೆ ಫಲಿತಾಂಶ ಕೊಟ್ಟರು. ಎಸ್ಸೆಸ್ಸೆಲ್ಸಿ ಎರಡೇ ದಿನದ ಪರೀಕ್ಷೆಯಾಗಿ ಶೇ 99.9 ಬಂತು. ಆ ವರ್ಷದ ಹುಡುಗರ ಬಗ್ಗೆ ಇವತ್ತಿಗೂ ಅನ್ನುವುದು, ‘ಅವ್ರು ಪಾಸಾಗಿಲ್ರೀ, ಪಾಸ್ ಮಾಡ್ಯಾರ.’ ಇಂಗ್ಲಿಷಿಗೆ ಈ ಚುಚ್ಚುಮಾತನ್ನು ಹೇಳಲು ಅರ್ಧ ಪುಟ ಬೇಕು, ಕನ್ನಡಕ್ಕೆ ಒಂದು ಸಹಾಯಕ ಕ್ರಿಯಾಪದ ಸಾಕಾಯಿತು. ಪಾಪ, ಆ ಮಕ್ಕಳ ತಪ್ಪೇನಿತ್ತು ಎಂಬುದು ಬೇರೆ ಮಾತು.

ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ಉತ್ತೀರ್ಣ, ತೇರ್ಗಡೆ ಎಂಬ ಪದಗಳಿವೆ. ತಮಿಳರು ತೇರ್ಚ್ಚಿ ಅನ್ನುತ್ತಾರೆ, ದಿನಬಳಕೆಯಲ್ಲೇ ಅನ್ನುತ್ತಾರೆ. ನಮ್ಮ ತೇರ್ಗಡೆ ಪತ್ರಿಕೆಯ ತಲೆಬರಹ ಬಿಟ್ಟು ಕೆಳಗಿಳಿಯಲಿಲ್ಲ. ಉತ್ತೀರ್ಣ ಪದದ ಒಳಗು ನೋಡಿದರೆ ಮಜಾ ಇದೆ. ಅದರಲ್ಲಿರುವ ಸಂಸ್ಕೃತ ಧಾತು ‘ತೃ’, ದಾಟು ಎಂದು ಅರ್ಥ. ತೀರ, ತೀರ್ಥ, ಅವತಾರ ಎಲ್ಲ ಅದೇ ಧಾತುವಿನವು. ಉತ್ತೀರ್ಣ ಎಂದರೆ ನೀರು ದಾಟಿ ಮೇಲೆ ಬಂದವನು. ಅಂದರೆ ರೋಮನ್ನರು ನೆಲದ ಮೇಲೆ ಕಂಡದ್ದನ್ನು ನಮ್ಮವರು ಹೊಳೆಯಲ್ಲಿ ಕಂಡಿದ್ದರು. ಅಚ್ಚಕನ್ನಡ ಇನ್ನೂ ಸೊಗಸು. ಹರಿಗೋಲು ಆಚೆ ದಡ ಮುಟ್ಟಿದರೆ ‘ಕಡೆ ಹಾಯ್ತು’. ಜಡ್ಡಿನಿಂದ ಎದ್ದವ, ಸಾಲದಿಂದ ಬಿಡಿಸಿಕೊಂಡವ ‘ಕಡೆ ಹಾಯ್ದ’. ‘ಅಂತೂ ನಮ್ಮ ಪೋರ ಹತ್ತನೇತ್ತಿ ಕಡೆ ಹಾಯ್ದ’ ಎಂದು ತಂದೆ ಅಂದರೆ ಅದರಲ್ಲಿ ಪಾಸಿನ ಜೊತೆಗೆ ನಿಟ್ಟುಸಿರೂ ಕೇಳುತ್ತದೆ.

ಹೊಳೆಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮಕ್ಕಳು ಪಾಸ್ ಮತ್ತು ಕ್ರಾಸ್ ಎರಡನ್ನೂ ಕಲಸುವುದು ಇಲ್ಲಿಯೇ. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಯಲ್ಲಿ ಹೊಳೆ ದಾಟುವುದು ಬರೀ ಮಾತಿನ ಅಲಂಕಾರ ಅಲ್ಲ. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬಳು 2013ರಲ್ಲಿ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ, ತುಂಬಿ ಹರಿಯುವ ಹೊಳೆಯನ್ನು ಈಜಿ ಈಚೆ ಬಂದಳು. ದೂರದ ದೇಶಗಳ ಪತ್ರಿಕೆಗಳೂ ಅದನ್ನು ಬರೆದವು. ಅವಳು ಮಾಡಿದ್ದು ಕ್ರಾಸ್. ಒಂದು ದಂಡೆಯಿಂದ ಇನ್ನೊಂದು ದಂಡೆಗೆ, ಹರಿವಿಗೆ ಅಡ್ಡಡ್ಡ ಹೋಗುವುದು. ಕ್ರಾಸ್ ಪದದ ಮೂಲ ಶಿಲುಬೆ, ಅಡ್ಡಗೆರೆ ಅದರ ಹುಟ್ಟಿನಲ್ಲೇ ಇದೆ. ಪಾಸ್‌ಗೆ ಅಡ್ಡ ಹೋಗುವ ಹಟವಿಲ್ಲ. ಪಕ್ಕದಿಂದ ಹೋಗಬಹುದು, ನಡುವಿನಿಂದ ಹೋಗಬಹುದು, ಮುಂದೆ ಹೋದರಾಯಿತು. ಹೊಳೆಯನ್ನು ನಾವು ಕ್ರಾಸ್ ಮಾಡುತ್ತೇವೆ, ಹೊಳೆ ನಮ್ಮೂರನ್ನು ಪಾಸ್ ಮಾಡಿ ಹೋಗುತ್ತದೆ. ಕನ್ನಡದ ‘ದಾಟು’ ಎರಡಕ್ಕೂ ಒದಗುವುದರಿಂದ ತೊಡಕು. ‘ಬಸ್ಸು ಶಹಾಪುರ ದಾಟಿತು’ ಎಂಬುದನ್ನು ಫೋನಿನಲ್ಲಿ ‘ಕ್ರಾಸ್ಡ್ ಶಹಾಪುರ’ ಎಂದು ಹೇಳುವವರೇ ಹೆಚ್ಚು. ಬಸ್ಸು ಶಹಾಪುರವನ್ನು ಪಾಸ್ ಮಾಡಿತು ಎಂಬುದು ಸರಿಯಾದ ಇಂಗ್ಲಿಷ್. ನನ್ನ ಸೂತ್ರ ಹೀಗಿದೆ: ‘ಹಾಯ್ದು ಹೋಗು’ ಎಂದು ಕನ್ನಡದಲ್ಲಿ ಅನ್ನಬಹುದಾದರೆ ಪಾಸ್, ‘ಅಡ್ಡ ದಾಟು’ ಎಂದು ಅನ್ನಬೇಕಾದರೆ ಕ್ರಾಸ್. ನೂರಕ್ಕೆ ನೂರು ನಡೆಯುತ್ತದೆ ಎನ್ನಲಾರೆ, ಪರೀಕ್ಷೆ ಕಡೆ ಹಾಯಲು ಸಾಕು.

ಶಹಾಪುರದ ಹುಡುಗಿಯ ಬಯೋಡೇಟಾಕ್ಕೆ ಬರೋಣ. ‘ಪಾಸ್ಡ್ ಔಟ್ ಇನ್ 2022’ ಎಂದರೆ ನಗುವವರು ನಗಲಿ, ಆ ಬಳಕೆಗೆ ಮನೆತನ ಇದೆ. ಬ್ರಿಟಿಷ್ ಸೈನ್ಯದಲ್ಲಿ ತರಬೇತಿ ಮುಗಿಸಿ ಹೊರಬೀಳುವುದಕ್ಕೆ ಪಾಸಿಂಗ್ ಔಟ್ ಎಂದೇ ಹೆಸರು. ನಮ್ಮ ಪೊಲೀಸ್ ತರಬೇತಿ ಶಾಲೆಗಳಲ್ಲಿ ಅದರ ಕನ್ನಡ ರೂಪ ‘ನಿರ್ಗಮನ ಪಥಸಂಚಲನ’, ಹೊರಗೆ ಹೋಗುವ ಹೆಜ್ಜೆಯ ಸಾಲು. ಪಾಸ್‌ನ ಮೂಲಾರ್ಥವನ್ನು ಇಷ್ಟು ನಿಖರವಾಗಿ ಹಿಡಿದ ಅನುವಾದ ನಾನು ಬೇರೆ ಕಂಡಿಲ್ಲ. ಪರೇಡ್ ಮೈದಾನದ ಆ ಮಾತನ್ನು ಭಾರತದ ಇಂಗ್ಲಿಷ್ ಕಾಲೇಜಿಗೂ ಹಬ್ಬಿಸಿತು, ಅಷ್ಟೇ. ತೊಂದರೆ ಎಂದರೆ ಅಮೆರಿಕದವರಿಗೆ, ಈಗೀಗ ಬ್ರಿಟನ್ನಿನವರಿಗೂ, ಪಾಸ್ಡ್ ಔಟ್ ಎಂದರೆ ಎಚ್ಚರ ತಪ್ಪಿ ಬಿದ್ದ ಎಂದು ಮೊದಲು ಹೊಳೆಯುತ್ತದೆ. ಕುಡಿದು ಬಿದ್ದವನಿಗೂ ಅದೇ. ಕಾಲೇಜಿನಲ್ಲಿ 2022ರಲ್ಲಿ ಮೂರ್ಛೆ ಹೋದೆ ಎಂದು ಬರೆದವರಿಗೆ ಕೆಲಸ ಕೊಡಲು ಹಿಂಜರಿಯುವುದು ಸಹಜ. ಭಾರತದೊಳಗಿನ ಅರ್ಜಿಗೆ ಅದು ನಡೆಯುತ್ತದೆ. ಹೊರಗಿನವರ ಕೈಗೆ ಹೋಗುವ ಕಾಗದವಾದರೆ ‘ಗ್ರ್ಯಾಜುಯೇಟೆಡ್’ ಎಂದು ಬರೆಯುವುದು ಕ್ಷೇಮ. ನಕ್ಕ ಬೆಂಗಳೂರಿನವರಿಗೂ ಅದೇ ಪದ ನಿತ್ಯದ ಬಳಕೆಯಲ್ಲಿರುತ್ತದೆ ಎಂಬುದು ನನ್ನ ಗುಮಾನಿ.

ಪಾಸ್‌ನ ಬೆನ್ನಿಗೆ ಬರುವ ಚಿಲ್ಲರೆ ಪದ ಬದಲಾದಂತೆ ನಡಿಗೆಯ ದಿಕ್ಕು ಬದಲಾಗುತ್ತದೆ, ಅದರೊಂದಿಗೆ ಬದುಕು ಸಾವೂ ಬದಲಾಗುತ್ತವೆ. ‘ಪಾಸ್ ಅವೇ’ ಎಂದರೆ ತೀರಿಹೋಗುವುದು. ಇದಕ್ಕೆ ವಿವರಣೆ ಬೇಕಿಲ್ಲ, ನಾವೂ ‘ಹೋದರು’ ಎಂದೇ ಅನ್ನುತ್ತೇವೆ. ‘ಪಾಸ್ ಆನ್’ ಸ್ವಲ್ಪ ಅಪಾಯದ್ದು. ‘ಸಾಹೇಬರು ಫೈಲನ್ನು ಪಾಸ್ ಆನ್ ಮಾಡಿದರು’ ಎಂದರೆ ಕಾಗದ ಮುಂದಿನ ಟೇಬಲ್ಲಿಗೆ ಹೋಯಿತು. ಫೈಲು ಬಿಟ್ಟು ‘ಸಾಹೇಬರ್ ಪಾಸ್ಡ್ ಆನ್’ ಎಂದಷ್ಟೇ ಬರೆದರೆ ಸಾಹೇಬರೇ ಹೋದ ಹಾಗೆ. ರಜೆ ಚೀಟಿ ಬರೆಯುವವರು ಕರ್ಮಪದವನ್ನು ಮರೆಯಬಾರದು. ಬೈಪಾಸ್ ಬಗ್ಗೆ ಹೇಳುವುದೇ ಬೇಡ, ಊರಿನ ಗದ್ದಲ ತಪ್ಪಿಸಿ ಸುತ್ತುವ ರಸ್ತೆಗೂ ಮುಚ್ಚಿದ ರಕ್ತನಾಳ ತಪ್ಪಿಸಿ ಹಾಕುವ ದಾರಿಗೂ ಅದೇ ಹೆಸರು. ‘ಕಾಕಾಗ ಬೈಪಾಸ್ ಆಗ್ಯಾದ’ ಎಂದರೆ ಎರಡನೆಯದು ಎಂದು ಎಲ್ಲರಿಗೂ ಗೊತ್ತು.

ಕೈಯಲ್ಲಿ ಹಿಡಿಯುವ ಪಾಸ್ ಇನ್ನೊಂದು ಕಥೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ‘ಏ ತಮ್ಮಾ, ಪಾಸ್ ತೋರ್ಸು’ ಎಂದು ಕಂಡಕ್ಟರ್ ಕೇಳಿದಾಗ ಹುಡುಗ ತೋರಿಸುವುದು ಹಾದುಹೋಗುವ ಅಪ್ಪಣೆಯನ್ನು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಆಧಾರ್ ಕಾರ್ಡ್ ಸಾಕಾಗಿ, ಪಾಸ್ ಎಂಬುದು ಗಂಡುಹುಡುಗರ ಪಾಲಿಗೆ ಉಳಿದಿದೆ. ಉರ್ದುವಿನಲ್ಲಿ ‘ಪಾಸ್’ ಎಂದರೆ ಬಳಿ, ಹತ್ತಿರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಸಂಸ್ಕೃತದ ಪಾರ್ಶ್ವದಿಂದ ಸವೆದು ಬಂದದ್ದು. ‘ತುಮ್ಹಾರೆ ಪಾಸ್ ಪಾಸ್ ಹೈ ಕ್ಯಾ’ ಎಂಬ ಗೊಂದಲ ಹುಟ್ಟಬೇಕಿತ್ತು. ಆದರೆ ನಮ್ಮ ಊರುಗಳ ದಖನಿ ಮಾತಿನವರು ‘ಪಾಸ್’ ಬದಲು ‘ಕನೆ’ ಎನ್ನುವುದರಿಂದ ಪಾರಾಗಿದ್ದಾರೆ. ಬ್ಯಾಂಕಿನ ಪಾಸ್‌ಬುಕ್‌ಗೆ ಆ ಹೆಸರು ಬಂದದ್ದು ಅದು ಗಿರಾಕಿಗೂ ಬ್ಯಾಂಕಿಗೂ ನಡುವೆ ಓಡಾಡುತ್ತಿತ್ತು ಎಂಬ ಕಾರಣಕ್ಕೆ ಎನ್ನುತ್ತಾರೆ. ಎಂಟ್ರಿ ಹಾಕಿಸಲು ಸಾಲಿನಲ್ಲಿ ನಿಂತವರಿಗೆ ಆ ಓಡಾಟ ಯಾರದೆಂದು ಚೆನ್ನಾಗಿ ಗೊತ್ತು.

ಬಿಲ್ ಪಾಸಾಗುವುದರಲ್ಲಿ ನಮ್ಮ ಚರಿತ್ರೆಯೇ ಇದೆ. ಸುರಪುರದಲ್ಲಿ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ, ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಹಾಗೆಂದು ಇಂಗ್ಲಿಷ್ ಇಲ್ಲಿ ಬೇರು ಬಿಡಲಿಲ್ಲ. ನಿಜಾಮರ ಸೀಮೆಯಲ್ಲಿ ಕಚೇರಿಯ ಮಾತು ಉರ್ದು. 1948ರ ಸೆಪ್ಟೆಂಬರ್ 17ರವರೆಗೂ ಅದರದೇ ಆಡಳಿತ. ಆಗ ಅರ್ಜಿ ಪಾಸಾಗುತ್ತಿರಲಿಲ್ಲ, ‘ಮಂಜೂರ್’ ಆಗುತ್ತಿತ್ತು. ಇಂದಿಗೂ ಮನೆ ಮಂಜೂರಾಗುತ್ತದೆ, ಅದರ ಬಿಲ್ ಪಾಸಾಗುತ್ತದೆ. ಒಂದೇ ಕೆಲಸದ ಎರಡು ಹಂತಕ್ಕೆ ಎರಡು ಸರಕಾರಗಳ ಪದ. ಮಂಜೂರ್‌ನಲ್ಲಿ ಮೇಲಿನವರ ಕಣ್ಣು ಬೀಳುವುದಿದೆ, ಪದದ ಮೂಲವೇ ನೋಟ, ‘ನಜರ್’. ಪಾಸ್‌ನಲ್ಲಿ ಕಾಗದ ಟೇಬಲಿನಿಂದ ಟೇಬಲಿಗೆ ನಡೆಯುವುದಿದೆ. ಸಂಸತ್ತಿನಲ್ಲೂ ಮಸೂದೆ ಹಂತಹಂತವಾಗಿ ಹಾಯ್ದು ಬರಬೇಕು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿ ವರ್ಷಗಟ್ಟಲೆ ಬೇಡಿಕೆಯಾಗಿ ಅಲೆದು, 2012ರ ಡಿಸೆಂಬರಿನಲ್ಲಿ ಸಂಸತ್ತನ್ನು ಹಾಯಿತು. ಗುತ್ತಿಗೆದಾರರ ಬಿಲ್ಲಿಗೆ ಹೋಲಿಸಿದರೆ ಅದು ಬೇಗ ಎಂದು ಕುಹಕಿಗಳು ಅನ್ನಬಹುದು.

ಪಾಸ್ಡ್, ಪಾಸ್ಟ್ ಗೊಂದಲಕ್ಕೆ ಉತ್ತರ ಚಿಕ್ಕದು. ಪಾಸ್ಟ್ ಎಂಬುದು ಪಾಸ್ಡ್‌ನ ಹಳೆಯ ಕಾಗುಣಿತ, ಕಳೆದುಹೋದದ್ದು ಎಂದು ಅರ್ಥ. ಕಾಲಕ್ರಮದಲ್ಲಿ ಅದು ಕ್ರಿಯಾಪದದ ಕೆಲಸ ಬಿಟ್ಟಿತು. ವಾಕ್ಯದಲ್ಲಿ ಬೇರೆ ಮುಖ್ಯ ಕ್ರಿಯಾಪದ ಇದ್ದರೆ ಪಾಸ್ಟ್, ಇಲ್ಲದಿದ್ದರೆ ಪಾಸ್ಡ್. ‘ಬಸ್ಸು ಪಾಸ್ಡ್ ಕೆರೆ’, ‘ಬಸ್ಸು ವೆಂಟ್ ಪಾಸ್ಟ್ ಕೆರೆ’. ಗಡಿಯಾರದ ‘ಹಾಫ್ ಪಾಸ್ಟ್ ಟೆನ್’ನಲ್ಲೂ ಮುಳ್ಳು ಹತ್ತನ್ನು ಹಾಯ್ದು ಅರ್ಧ ತಾಸು ನಡೆದಿದೆ.

ಹೊತ್ತಿಗೂ ಕಾಲಿದೆ ಎಂಬುದನ್ನು ಎಲ್ಲ ಭಾಷೆಗಳೂ ಒಪ್ಪಿದಂತಿದೆ. ಬ್ಯಾಸಗಿ ಮಧ್ಯಾಹ್ನ ಕಟ್ಟೆಗೆ ಕುಳಿತವರು ‘ಹೊತ್ತ ಹೋಗವಲ್ದು’ ಅನ್ನುತ್ತಾರೆ. ಫ್ರೆಂಚರು ಹೊತ್ತು ಕಳೆಯುವುದಕ್ಕೆ ‘ಪಾಸ್-ತಾಂ’ ಎಂದರು, ಅದನ್ನು ಬಗ್ಗಿಸಿ ಇಂಗ್ಲಿಷಿನವರು ‘ಪಾಸ್‌ಟೈಮ್’ ಮಾಡಿಕೊಂಡರು. ನಾವು ಅದನ್ನು ತಿರುವಿ ಹಾಕಿ ‘ಟೈಂಪಾಸ್’ ಮಾಡಿದೆವು, ಜೊತೆಗೆ ಒಂದು ಪೊಟ್ಟಣ ಶೇಂಗಾ ಕೊಟ್ಟೆವು. ಈಗ ಆ ಪದ ಇಂಗ್ಲಿಷ್ ನಿಘಂಟಿಗೂ ಹೋಗಿ ಕುಳಿತಿದೆ. ತಪ್ಪು ಇಂಗ್ಲಿಷ್ ಎಂದು ಮೂಗು ಮುರಿಯುವವರಿಗೆ ನಾನು ತೋರಿಸುವುದು ಇದನ್ನೇ.

ಉಳಿದದ್ದು ಒಂದು, ಐಟಿ ಕಂಪನಿ ಸೇರಿದ ನಮ್ಮ ಹುಡುಗರನ್ನು ಮೊದಲ ವಾರವೇ ಕಂಗೆಡಿಸುವಂಥದ್ದು. ಚಹಾ ಬೇಕೇ ಎಂದು ಕೇಳಿದರೆ ಜೊತೆಗಾರ ‘ಐ ವಿಲ್ ಪಾಸ್’ ಎನ್ನುತ್ತಾನೆ. ಪಾಸಾಗುತ್ತಾನಂತೆ, ಅಂದರೆ ಒಪ್ಪಿದ ಎಂದು ತಿಳಿದು ಇವರು ಕಪ್ಪು ಮುಂದೆ ಹಿಡಿಯುತ್ತಾರೆ. ಅದು ಇಸ್ಪೀಟಿನ ಮನೆಯಿಂದ ಬಂದ ಬಳಕೆ. ಈ ಸರದಿ ನನ್ನನ್ನು ಹಾದು ಮುಂದಿನವರಿಗೆ ಹೋಗಲಿ, ಅಂದರೆ ನನಗೆ ಬೇಡ. ನಯವಾದ ನಿರಾಕರಣೆ, ಕಲಿತುಕೊಳ್ಳಲು ಅಡ್ಡಿಯಿಲ್ಲ. ಹತ್ತಿಕುಣಿಯ ಯಾವುದಾದರೂ ಮನೆಯ ಪಡಸಾಲೆಯಲ್ಲಿ ಕುಳಿತು ಬಳಸಿ ನೋಡಬೇಡಿ. ‘ಅರ್ಧ ಕಪ್ಪರೆ ತಗೋರಿ’ ಎನ್ನುವವರ ಮುಂದೆ ಅದು ಫೇಲು.